ಗುರುತಿಲ್ಲದ ಮೂರು ಡಿಸ್ಕುಗಳು

ಮಹಾನವಮಿಯ ಬೆಳಿಗ್ಗೆ ಎಂಟು ಗಂಟೆಗೆ ಸರ್ವರ್ ಮತ್ತೆ ಕಣ್ಣು ಬಿಟ್ಟಾಗ ಅದರ ಪಟ್ಟಿಯಲ್ಲಿ ಯಾರೂ ಕಂಡು ಕೇಳರಿಯದ ಮೂರು ಹೆಸರುಗಳಿದ್ದವು. ಸಿ3ಟಿ13ಡಿ0. ಸಿ3ಟಿ14ಡಿ0. ಸಿ3ಟಿ15ಡಿ0.

ಸರ್ವರ್ ನೋಡಿಕೊಳ್ಳುವ ಇಂದುಮತಿ ಹೂಗಾರ ಕೈಯಲ್ಲಿದ್ದ ಚುರಮುರಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಪರದೆಯನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ಓದಿದಳು. ನಲವತ್ತು ಡಿಸ್ಕುಗಳು ತಮ್ಮ ತಮ್ಮ ಹೆಸರು ಹೇಳಿಕೊಂಡು ಹಾಜರಿ ಕೊಟ್ಟಿದ್ದವು. ಈ ಮೂರು ಮಾತ್ರ ಮದುವೆಮನೆಗೆ ಕರೆಯದೆ ಬಂದ ನೆಂಟರಂತೆ ಸುಮ್ಮನೆ ಕೂತಿದ್ದವು.

"ಏನಾತ್ರಿ ಅಕ್ಕಾರ?" ಎಂದ ಎಲೆಕ್ಟ್ರಿಷಿಯನ್ ದಸ್ತಗೀರ. ಅವನ ಕೈತುಂಬ ಚೆಂಡುಹೂವಿನ ಎಸಳು. "ಮಷಿನ್ನಿಗೆ ಕುಂಕುಮ ಹೆಚ್ಚಾತೇನು?"

"ಮೂರು ಗುರುತು ಸಿಗವಲ್ವು ದಸ್ತಗೀರ."

"ಹೊಸಾ ಮಂದಿ ಬಂದಾರೇನು?"

"ಹೊಸಾ ಮಂದಿ ಅಲ್ಲ. ಹಳೇ ಮಂದಿ. ನಾನ ಕಿತ್ತು ಕೆಳಗ ಇಟ್ಟೇನಿ."

ಬೇರೆ ಯಾರನ್ನೂ ದೂರುವಂತಿರಲಿಲ್ಲ.

ಹನ್ನೊಂದು ವರ್ಷಗಳ ಹಿಂದೆ ಗದಗ ಬೆಟಗೇರಿಯ ಮೇಲೆ ಒಂದು ಜ್ವರ ಹಾಯ್ದು ಹೋಗಿತ್ತು. ಸತ್ತವರು ಕಡಿಮೆ. ಬದುಕಿದವರಲ್ಲಿ ಕೆಲವರು ಮಾತ್ರ ಹೆಂಡತಿ ಮಕ್ಕಳ ಗುರುತಿಲ್ಲದೆ, ತಮ್ಮ ಹೆಸರೂ ಇಲ್ಲದೆ ಎದ್ದು ಕೂತರು. ಜ್ವರ ನೆನಪನ್ನು ಸುಡಲು ಹತ್ತು ದಿನ ತೆಗೆದುಕೊಳ್ಳುತ್ತಿತ್ತು. ಆ ಹತ್ತು ದಿನಗಳಲ್ಲಿ ಸಿಕ್ಕಷ್ಟನ್ನು ಬಾಚಿ ಡಿಸ್ಕಿಗೆ ತುಂಬಿಟ್ಟವರು ಶ್ಯಾಮರಾವ್ ಜಾಗೀರದಾರರು. ಅವರು ಕಟ್ಟಿದ ಈ ಭಂಡಾರದಲ್ಲಿ ಒಬ್ಬರಿಗೆ ಒಂದು ಡಿಸ್ಕ್. ಕಿವಿಯ ಹಿಂದೆ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಒಂದು ಯಂತ್ರ. ಜನ ಅದನ್ನು 'ಕಾಳು' ಎಂದೇ ಕರೆಯುತ್ತಿದ್ದರು. ಕಾಳು ಗಾಳಿಯ ದಾರಿಯಲ್ಲಿ ಡಿಸ್ಕಿನಿಂದ ನೆನಪನ್ನು ತರುತ್ತಿತ್ತು, ದಿನದ ಹೊಸ ನೆನಪನ್ನು ಅಲ್ಲಿಗೆ ಒಯ್ದು ಇಡುತ್ತಿತ್ತು. ದಾರಿ ಕಡಿದರೆ ಒಂಬತ್ತು ತಾಸು ತನ್ನ ಹೊಟ್ಟೆಯೊಳಗಿನ ಬುತ್ತಿಯಲ್ಲಿ ಬದುಕುತ್ತಿತ್ತು. ಬುತ್ತಿ ಕರಗಿದಂತೆ ನೆನಪೂ ಒಂದೊಂದೇ ಮರೆಯಾಗುತ್ತಿತ್ತು, ದಾರಿ ತೆರೆದರೆ ಮರಳುತ್ತಿತ್ತು. ಅದೂ ಮುಗಿದರೆ ಕಾಳು ಒಣಗುತ್ತಿತ್ತು. ಒಣಗಿದ ಕಾಳು ಮತ್ತೆ ಚಿಗುರಿದ ಉದಾಹರಣೆ ಇರಲಿಲ್ಲ.

ಊರು ಇದಕ್ಕೆ ಹೊಂದಿಕೊಂಡುಬಿಟ್ಟಿತ್ತು. ಕಾಳಿನವರು ಇರುವ ಮನೆಗಳು ಯಲ್ಲಮ್ಮನ ಗುಡ್ಡಕ್ಕೆ ಹೋದರೂ ಮದುವೆಗೆ ಹೋದರೂ ಒಂಬತ್ತು ತಾಸಿನೊಳಗೆ ಮರಳುತ್ತಿದ್ದವು. ಬಸ್ ಸ್ಟ್ಯಾಂಡಿನಲ್ಲಿ "ಒಂಬತ್ತು ತಾಸಿನ ಗಾಡಿ" ಎಂದು ಕೂಗಿಯೇ ಜನರನ್ನು ಹತ್ತಿಸಿಕೊಳ್ಳುವ ಟೆಂಪೊಗಳಿದ್ದವು. ವರ್ಷಕ್ಕೊಮ್ಮೆ ಮಹಾನವಮಿಗೆ, ಆಯುಧಗಳ ಖಂಡೇಪೂಜೆಯ ದಿನ ಬೆಳಿಗ್ಗೆ ಏಳಕ್ಕೆ ಒಂದು ತಾಸು ಸರ್ವರ್ ನಿಲ್ಲುತ್ತಿತ್ತು. ಕೊಡಲಿ, ಕುಡುಗೋಲು, ತಕ್ಕಡಿಗೆ ವಿಶ್ರಾಂತಿ ಇರುವಾಗ ಅದಕ್ಕೇಕೆ ಇರಬಾರದು ಎಂಬುದು ಜಾಗೀರದಾರರ ನ್ಯಾಯ. ಇಷ್ಟು ವರ್ಷ ಇದರಿಂದ ಯಾರ ಕೂದಲೂ ಕೊಂಕಿರಲಿಲ್ಲ.

ಈ ಸಲ ಇಂದುಮತಿ ಕಪಾಟಿನ ಧೂಳು ಒರೆಸುತ್ತ ಕೆಳಗಿನ ಸಾಲನ್ನು ನೋಡಿದ್ದಳು. ಅಲ್ಲಿ ಮೂರು ಗೂಡುಗಳು ಖಾಲಿ. ಹಬ್ಬದ ದಿನ ಬರಿದಾದ ಕೊಡ, ಬರಿದಾದ ತೊಟ್ಟಿಲು, ಬರಿದಾದ ಗೂಡು ಕಣ್ಣಿಗೆ ಬೀಳಬಾರದೆಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ಮೇಲಿನ ಸಾಲಿನ ಮೊದಲ ಮೂರು ಡಿಸ್ಕುಗಳನ್ನು ಎಳೆದು, ಒದ್ದೆ ಅರಿವೆಯಿಂದ ಚೊಕ್ಕಟ ಮಾಡಿ, ಕುಂಕುಮ ಹಚ್ಚಿ, ಯಾವುದು ಯಾವ ಗೂಡಿನದೆಂದು ನೋಡದೆ ಕೆಳಗಿನ ಗೂಡುಗಳಿಗೆ ತುಂಬಿದಳು. ಮೇಲೆ ತೆರವಾದ ಜಾಗವನ್ನು ಹೂಮಾಲೆ ಮುಚ್ಚಿತು. ಹಳೆಯ ಕಾಗದದ ಚೀಟಿಗಳು ಒದ್ದೆ ಅರಿವೆಗೆ ಅಂಟಿಕೊಂಡು ಹೋದದ್ದು ಅವಳಿಗೆ ತಿಳಿಯಲೇ ಇಲ್ಲ.

ಸರ್ವರನ್ನು ನಡೆಸುವ ಯುನಿಕ್ಸ್ ಎಂಬ ಹಳೆಯ ವ್ಯವಸ್ಥೆಗೆ ಡಿಸ್ಕ್ ಯಾರದೆಂದು ಗೊತ್ತಿಲ್ಲ. ಎಲ್ಲಿದೆ ಎಂದಷ್ಟೇ ಗೊತ್ತು. ಮೂರನೆಯ ತಂತಿ, ಹದಿಮೂರನೆಯ ಗೂಡು — ಅಷ್ಟನ್ನೇ ಸೇರಿಸಿ ಅದು ಒಂದು ಹೆಸರು ಕಟ್ಟುತ್ತದೆ. ಅದು ಮನೆ ನಂಬರು, ಮನೆಯವರ ಹೆಸರಲ್ಲ. ಆಮೇಲಿನ ಡಿಸ್ಕುಗಳಿಗೆಲ್ಲ ಜಾಗೀರದಾರರು ಒಳಗಡೆಯೇ ಹೆಸರು ಬರೆಸಿದ್ದರು. ಅವು ಎಲ್ಲಿ ಕೂತರೂ ತಾವು ಯಾರೆಂದು ಹೇಳುತ್ತಿದ್ದವು. ಮೊದಲ ವರ್ಷದ ಮೂರಕ್ಕೆ ಮಾತ್ರ ಹೆಸರೂ ಇಲ್ಲ, ತಾರೀಖೂ ಇಲ್ಲ. ರಿಜಿಸ್ಟರಿನಲ್ಲಿ ಅವುಗಳ ಬಗ್ಗೆ ಮೂರೇ ಸಾಲು. ಮೊದಲ ಗೂಡು, ಮೌನೇಶಪ್ಪ ಪತ್ತಾರ. ಎರಡನೆಯದು, ತಿಪ್ಪವ್ವ. ಮೂರನೆಯದು, ಖಾಲಿ, ಆಪತ್ತಿಗೆ.

ತಿಪ್ಪವ್ವ ಹೋದ ವರ್ಷ ತೀರಿಕೊಂಡಿದ್ದಳು. ಅವಳ ಡಿಸ್ಕನ್ನು ಅಳಿಸಲು ಯಾರಿಗೂ ಕೈ ಬಂದಿರಲಿಲ್ಲ. ಮೌನೇಶಪ್ಪ ಬೆಟಗೇರಿಯಲ್ಲಿ ಜೀವಂತ ಇದ್ದ. ಏಳು ಗಂಟೆಗೆ ಅವನ ದಾರಿ ಕಡಿದಿತ್ತು. ಸಂಜೆ ನಾಲ್ಕಕ್ಕೆ ಅವನ ಕಾಳು ಒಣಗಲಿತ್ತು.

"ಮೂರರಾಗ ಒಂದು ಹಚ್ಚಿ ನೋಡಿಬಿಡ್ರಿ," ಎಂದ ದಸ್ತಗೀರ. "ಅದಲ್ಲಂದ್ರ ಮತ್ತೊಂದು."

"ತಿಪ್ಪವ್ವಂದು ಹಚ್ಚಿದ್ವಿ ಅಂತ ತಿಳಕೊ. ಕಾಳು ಅದನ್ನ ತನ್ನದ ಅಂತ ಹಿಡಕೊಂಡು ಅದರ ಮ್ಯಾಲ ಬರಿಯಾಕ ಸುರು ಮಾಡ್ತೈತಿ. ಎರಡೂ ಕಲಸಿ ಅಂಬಲಿ ಆಗ್ತಾವು. ಆಮ್ಯಾಲ ಆಕಿನೂ ಇಲ್ಲ, ಅವರೂ ಇಲ್ಲ."

ದಸ್ತಗೀರ ಕೈಯಲ್ಲಿದ್ದ ಎಸಳುಗಳನ್ನು ಮೆಲ್ಲಗೆ ಕಿಸೆಗೆ ಹಾಕಿಕೊಂಡ.

ಬೆಳಗೆಲ್ಲ ಹಾಗೇ ಹೋಯಿತು. ಅವಳು ಹದಿನಾಲ್ಕನೆಯ ಗೂಡನ್ನು ಓದಿಸಿದಳು: ಸೊನ್ನೆ, ಸೊನ್ನೆ, ಪರದೆಯ ಉದ್ದಕ್ಕೂ ಸೊನ್ನೆ. ಅದು ಖಾಲಿ ಡಿಸ್ಕ್. ಒಂದು ತೀರಿತು. ಹದಿಮೂರು ಮತ್ತು ಹದಿನೈದನ್ನು ಓದಿಸಿದಳು. ಕಾಳಿಗೆ ಮಾತ್ರ ಬಿಡಿಸಲು ಬರುವ ಗೂಢಲಿಪಿ. ಜಾತ್ರೆಯ ಗದ್ದಲದಂತೆ ಎರಡೂ ಒಂದೇ. ಡಿಸ್ಕುಗಳ ಕಾರ್ಖಾನೆಯ ನಂಬರು ಕೇಳಿದಳು. ಎರಡೂ ಕೊಟ್ಟವು. ಆ ನಂಬರುಗಳನ್ನು ಯಾರ ಹೆಸರಿನ ಎದುರೂ ಯಾರೂ ಬರೆದಿಟ್ಟಿರಲಿಲ್ಲ.

ಜಾಗೀರದಾರರ ಫೋನು ಹತ್ತಿದಾಗ ಮಧ್ಯಾಹ್ನ ಒಂದು ದಾಟಿತ್ತು. ಎಪ್ಪತ್ತೆಂಟರ ಮುದುಕರು ಧಾರವಾಡದಲ್ಲಿ ಹಬ್ಬದೂಟಕ್ಕೆ ಕೂತಿದ್ದರು. ಅವಳು ತಪ್ಪನ್ನು ಮುಚ್ಚಿಡದೆ ಹೇಳಿದಳು.

"ಬರಿದು ಗೂಡು ನೋಡಬಾರದು ಅಂತ ತುಂಬಿದ್ಯೇನು?" ಎಂದರು ಅವರು. "ನಮ್ಮವ್ವ ಇದ್ದಿದ್ರ ನಿನಗ ಶಾಭಾಸ್ ಅಂತಿದ್ಲು. ಇರ್ಲಿ. ಡಿಸ್ಕ್ ಯಾವುದು ಅಂತ ತಿಳೀಲಿಲ್ಲಂದ್ರ ನಾ ಮೊದಲ ದಿನಾ ಏನ್ ಕಲಿಸಿದ್ದೆ?"

"ಅದನ್ನ ಸುಮ್ಮನ ಓದಿಸು, ಯಾವ ದೀಪ ಮಿಣುಕ್ತದ ನೋಡು ಅಂದಿದ್ರಿ ಸರ. ನೋಡಿದೆ. ಗೂಡು ತಿಳೀತು. ಮನಷಾ ತಿಳೀಲಿಲ್ಲ."

"ದೀಪ ಕಪಾಟಿನ ಮ್ಯಾಲ ಅಷ್ಟ ಇರ್ತದೇನು?"

ಇಂದುಮತಿಯ ಬೆನ್ನು ನೆಟ್ಟಗಾಯಿತು.

"ಡಿಸ್ಕನ್ನ ಓದಲಿಕ್ಕೆ ಮಾತ್ರ ತೆರಿ, ಬರೀಲಿಕ್ಕೆ ಬಿಡಬ್ಯಾಡ," ಎಂದರು ಮುದುಕರು. "ಒಂದು ನಿಮಿಷ ಆ ಮನಷಾನ ಕಾಳಿಗೆ ಹರಿಸು. ಆಮ್ಯಾಲ ಎರಡನೇದು, ಒಂದ ನಿಮಿಷ. ಅವನ್ನ ನೋಡು. ಎಲ್ಲಿ ಮಿಣುಕ್ತದ ಅಂತ ನೋಡು. ಆದ್ರ ಕೇಳು, ತಾನು ಯಾರಂತ ಮರತಾಂವ ಯಾರದ್ ಕೊಟ್ರೂ ತನ್ನದ ಅಂತಾನ. ಅವನ್ನ ಕೇಳಬ್ಯಾಡ. ಇನ್ನೊಂದು, ಹರಿಸಿದ್ದರಾಗ ಒಂದು ಚೂರು ಕಾಳಿನಾಗ ಉಳೀತದ. ಬ್ಯಾಡಾದ್ರ ಒಂದು ತಾಸಿನೊಳಗ ತಗದು ಒಗಿ."

ಎಂಥ ಮನುಷ್ಯ, ಎಂದುಕೊಂಡಳು ಇಂದುಮತಿ. ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಬೈಯದೆ ದಾರಿ ತೋರಿಸಿದ ಮನುಷ್ಯ. ಹತ್ತು ವರ್ಷ ಅವಳು ದೀಪಗಳನ್ನು ನೋಡಿದ್ದಳು, ದೀಪ ಎಂದರೇನೆಂದು ನೋಡಿರಲಿಲ್ಲ.

ಕೊಡಬೇಕಾದ ಆಜ್ಞೆಗಳನ್ನೆಲ್ಲ ಬರೆದು ದಸ್ತಗೀರನ ಎದುರಿಟ್ಟಳು. "ಅಕ್ಷರಾ ತಪ್ಪಿದ್ರ?" ಎಂದ ಅವನು. "ತಪ್ಪಬ್ಯಾಡ," ಎಂದು ಸ್ಕೂಟರ್ ಹತ್ತಿದಳು.

ಪತ್ತಾರರ ಮನೆ ಬೆಟಗೇರಿಯಲ್ಲಿ, ಮಗ್ಗದ ಓಣಿಗೆ ಬೆನ್ನು ಹಚ್ಚಿದ ಪತ್ತಾರ ಓಣಿಯಲ್ಲಿ. ಪಡಸಾಲೆಯಲ್ಲಿ ಮೌನೇಶಪ್ಪ ಕೂತಿದ್ದ. ಅರವತ್ತಮೂರರ ಸಣಕಲು ಅಕ್ಕಸಾಲಿಗ, ಹಣೆಯ ಮೇಲೆ ಯಾರೋ ಹಚ್ಚಿದ ಹಬ್ಬದ ವಿಭೂತಿ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ತಾಮ್ರದ ತಂತಿ. ತಂತಿಯನ್ನು ಸುತ್ತುತ್ತಿದ್ದ, ಕತ್ತರಿಸುತ್ತಿದ್ದ, ಉಂಗುರವನ್ನು ನೆಲದ ಮೇಲಿಡುತ್ತಿದ್ದ, ಮತ್ತೆ ಸುತ್ತುತ್ತಿದ್ದ. ನೆಲದ ಮೇಲೆ ಉಂಗುರಗಳ ಉದ್ದ ಸಾಲು. ಎಲ್ಲ ದುಂಡಗೆ, ಒಂದರಂತೆ ಇನ್ನೊಂದು. ಜ್ವರ ತಲೆಯನ್ನು ಸುಟ್ಟಿತ್ತು, ಕೈಯನ್ನು ಮುಟ್ಟಿರಲಿಲ್ಲ.

"ಮುಂಜಾನೆ ಹತ್ತಕ್ಕ ಮಗನ ಹೆಸರು ಹೋತು," ಎಂದಳು ಹೆಂಡತಿ ಕಾಳವ್ವ, ಬಾಗಿಲಲ್ಲೇ. ಯಾರೋ ಸಂತೆಯ ದರ ಹೇಳಿದಂತೆ ಹೇಳಿದಳು. "ಹನ್ನೆರಡಕ್ಕ ಮನಿ ಯಾರದು ಅಂದ್ರು. ಈಗ ಎರಡಕ್ಕ ನನ್ನ ನೋಡಿ, 'ಯವ್ವಾ, ನಿಮ್ಮನ್ಯಾಗ ನೀರು ಸಿಗ್ತಾವೇನು?' ಅಂದ್ರು. ಕೊಟ್ಟೆ. ಏನ್ ಮಾಡೂದ್ರಿ ಬಾಯಾರ, ನೀರಡಿಸಿದವರಿಗೆ ಕೊಡಬೇಕಲ್ಲ."

ಇಂದುಮತಿ ಚಪ್ಪಲಿ ಬಿಟ್ಟು ನಿಂತಲ್ಲೇ ಹೇಳಿದಳು. "ತಪ್ಪು ನಂದು ಕಾಳವ್ವಾರ. ಪೂಜಿ ಮಾಡುವಾಗ ಚೀಟಿ ಅಳಿಸಿದೆ. ಇವರ ಡಿಸ್ಕು, ತಿಪ್ಪವ್ವಾರದ್ದು ಕೂಡಿಬಿಟ್ಟಾವು. ಯಾವುದು ಯಾರದು ನನಗ ತಿಳೀವಲ್ದು."

ಕಾಳವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಷ್ಟ್ ಸಾಲಿ ಕಲತು ಒಂದು ಚೀಟಿ ಕಾಯಾಕ ಆಗಲಿಲ್ಲೇನ್ರಿ ನಿಮಗ? ನಮ್ಮ ಅಂಗಡ್ಯಾಗ ನೂರು ಮಂದಿ ಬಂಗಾರ ಕರಗಿಸ್ತಿದ್ವಿ. ಒಬ್ಬರ ಗುಂಜಿ ಇನ್ನೊಬ್ಬರಿಗೆ ಹೋಗಿದ್ದಿಲ್ಲ."



"ಒಳಗ ಬರ್ರಿ," ಎಂದಳು ಕಾಳವ್ವ. "ಬೈಯೂದು ನಾಲ್ಕರ ಮ್ಯಾಲ."

ಮೂರು ಗಂಟೆ ಹತ್ತು ನಿಮಿಷ. ಇಂದುಮತಿ ಮಾಡಲಿರುವುದನ್ನು ವಿವರಿಸಿದಳು. ಕಾಳವ್ವ ಗಂಡನ ಎದುರಿಗೆ, ಅಗ್ಗಿಷ್ಟಿಕೆಯ ಪಕ್ಕ ಕೂತಳು. ಫೋನಿನಲ್ಲಿ ದಸ್ತಗೀರನ ಉಸಿರು ಕೇಳುತ್ತಿತ್ತು.

"ಹದಿನೈದು ಹರಿಸು," ಎಂದಳು ಇಂದುಮತಿ.

ಮೊದಲ ಹತ್ತು ಸೆಕೆಂಡು ಏನೂ ಆಗಲಿಲ್ಲ. ಆಮೇಲೆ ಮೌನೇಶಪ್ಪನ ಮುಖದ ಮೇಲೆ ಏನೋ ಹಾಯಿತು, ಮುಚ್ಚಿದ ಕಿಟಕಿಯ ಹಿಂದೆ ಯಾರೋ ಕಂದೀಲು ಹಿಡಿದು ನಡೆದಂತೆ. ತುಟಿ ಅಲುಗಿದವು.

"ಬಾವಿ," ಎಂದ. "ನೀರು ಭಾಳ ಕೆಳಗೈತಿ. ಹಗ್ಗ ಹಸೀ ಐತಿ, ಕೈ ಜಾರ್ತಾವು. ಮಗ್ಗ ನಿಂತಾವು. ಪತ್ತಾರ ಓಣಿ ತುದೀಗೆ ಆಕಿ ನಿಂತಾಳ. ಕರೀತಾಳ. ಬಿಸಲಾಗ ಕೈ ಅಡ್ಡ ಹಿಡದು ಕರೀತಾಳ. ನಾ ಹೋಗಬೇಕು, ನಾ ಹೋಗಬೇಕು."

ಅವನ ಕಣ್ಣಿನಿಂದ ನೀರು ಇಳಿದು ಗಡ್ಡದ ಕೂಳೆಯಲ್ಲಿ ಸೇರಿತು. ನಿಮಿಷ ಮುಗಿಯಿತು. ದಸ್ತಗೀರ ಹರಿವು ಕಡಿದ. ಕಂದೀಲು ಆರಿತು.

ಪತ್ತಾರ ಓಣಿ, ಕರೆಯುವ ಹೆಣ್ಣು, ಕಣ್ಣೀರು. ಇದಕ್ಕಿಂತ ಮಿಣುಕುವ ದೀಪ ಯಾವುದು? "ಇದ, ಕಾಳವ್ವಾರ! ಇದ ಇವರದು! ದಸ್ತಗೀರ, ಹದಿನೈದನ್ನ ಪೂರ್ತಿ..."

"ತಡೀರಿ."

ಕಾಳವ್ವ ಗಂಡನ ಮುಖವನ್ನು ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ಅವನ ಕೈಗಳ ಮೇಲಿದ್ದವು. ಆ ಒಂದು ನಿಮಿಷದಲ್ಲಿ ಅವು ಮತ್ತೆರಡು ಉಂಗುರ ಮಾಡಿ ನೆಲದ ಮೇಲಿಟ್ಟಿದ್ದವು. ದುಂಡಗಿನ ಉಂಗುರ.

"ಬಾಯಿ ಅತ್ತಿತು, ಕೈ ಕೇಳಲೇ ಇಲ್ಲ," ಎಂದಳು. "ನಮ್ಮ ಮನಿಯವ್ರಿಗೆ ಅಳು ಬಂದ್ರ ಮೊದಲು ಕೈಯಾಗಿನ ಕೆಲಸ ಕೆಳಗ ಇಡ್ತಾರ್ರಿ. ನಲವತ್ತೊಂದು ವರ್ಷ ನೋಡೇನಿ. ತಿಪ್ಪವ್ವನೂ ಈ ಓಣ್ಯಾಗ ಹುಟ್ಟಿದಾಕಿ. ಎರಡನೇದು ತೋರಸ್ರಿ."

"ಅದು ಹಿಂಗ ಮಾತಾಡದಿದ್ರ?"

"ಇವರು ಯಾವತ್ತು ಮಾತಾಡ್ಯಾರ? ಮದವ್ಯಾಗ ಹೆಸರು ಹೇಳ್ರಿ ಅಂದ್ರ ತಾಸೊತ್ತು ಬೆವತಿದ್ರು."

ಮೂರು ಇಪ್ಪತ್ತೈದು. "ಹದಿಮೂರು ಹರಿಸು ದಸ್ತಗೀರ."

ಹತ್ತು ಸೆಕೆಂಡು. ಇಪ್ಪತ್ತು. ಮೌನೇಶಪ್ಪನ ಮುಖ ಕಲ್ಲಿನಂತೆ ಸುಮ್ಮನಿತ್ತು. ಒಂದು ಮಾತಿಲ್ಲ, ಒಂದು ಹನಿಯಿಲ್ಲ. ಮೂವತ್ತನೆಯ ಸೆಕೆಂಡಿಗೆ ಅವನ ಕೈ ನಿಂತವು.

ಬೆಳಗಿನಿಂದ ನಿಲ್ಲದಿದ್ದ ಕೈ. ಅವನು ಇಕ್ಕಳವನ್ನು ಕೆಳಗಿಟ್ಟ. ಮಾಡುತ್ತಿದ್ದ ಉಂಗುರವನ್ನು ಬೆಳಕಿಗೆ ಹಿಡಿದು, ತಪ್ಪು ಮಾಡಿದ ಕೂಸನ್ನು ನೋಡುವಂತೆ ನೋಡಿದ. ಮತ್ತೆ ಇಕ್ಕಳ ಎತ್ತಿಕೊಂಡ. ಉಂಗುರದ ಒಂದು ಪಕ್ಕವನ್ನು ಒತ್ತಿ ಚಪ್ಪಟೆ ಮಾಡಿದ. ಅದರ ಬಾಯಿಯನ್ನು ಎಳ್ಳಿನಷ್ಟು ತೆರೆದ. ಚಪ್ಪಟೆಯಾದ ಕಡೆ ಒಳಗಿನಿಂದ ಒಂದು ಸಣ್ಣ ಬಾಗು ಕೊಟ್ಟ. ಲೋಕದಲ್ಲಿ ಯಾವ ಬೆರಳಿಗೂ ಆಗದ, ಅಂಕುಡೊಂಕಾದ ಒಂದು ವಸ್ತು.

"ನಿಮಿಷಾ ಆತ್ರಿ!" ಎಂದ ದಸ್ತಗೀರ.

ಕಾಳವ್ವ ಸೀರೆಯ ನೆರಿಗೆ ಎತ್ತಿ ಎಡಗಾಲನ್ನು ಮುಂದೆ ಚಾಚಿದಳು. ಎರಡನೆಯ ಬೆರಳು ಜಜ್ಜಿ, ಒಂದು ಕಡೆ ಚಪ್ಪಟೆಯಾಗಿ ಬಾಗಿತ್ತು. "ಮದವಿ ಆದ ವರ್ಷ ಬಂಗಾರ ಬಡಿಯೂ ಅಡಿಗಲ್ಲು ಕಾಲ ಮ್ಯಾಲ ಬಿದ್ದಿತ್ತು," ಎಂದಳು. "ಪ್ಯಾಟ್ಯಾಗಿನ ಕಾಲುಂಗರ ಯಾವುದೂ ಹಿಡಸೂದಿಲ್ಲ. ಇವರ ಮಾಡಿ ಕೊಡಬೇಕು." ಗಂಡನ ಬೆರಳುಗಳಿಂದ ತಾಮ್ರದ ಉಂಗುರವನ್ನು ಬಿಡಿಸಿಕೊಂಡು ಹಾಕಿಕೊಂಡಳು. ಅದು ಕೂತಿತು, ಅಲ್ಲೇ ಬೆಳೆದದ್ದರಂತೆ.

ಇಂದುಮತಿ ಆ ಪಾದವನ್ನು ನೋಡುತ್ತ ನಿಂತಳು. ಕಾರ್ಖಾನೆಯ ನಂಬರು, ತಂತಿ, ಗೂಡು, ಗೂಢಲಿಪಿ, ಎಲ್ಲವನ್ನೂ ಬಲ್ಲ ತಾನು ಕಣ್ಣೀರು ಕಂಡು ಮೋಸಹೋಗಿದ್ದಳು. ಸಾಲಿ ಮೆಟ್ಟಿಲು ಹತ್ತದ ಈ ಹೆಂಗಸು ಒಬ್ಬ ಮನುಷ್ಯನ ದೀಪ ಎಲ್ಲಿದೆ ಎಂದು ನಲವತ್ತೊಂದು ವರ್ಷ ಸುಮ್ಮನೆ ನೋಡಿ ಕಲಿತಿದ್ದಳು.

"ಹದಿಮೂರು, ದಸ್ತಗೀರ. ಪೂರ್ತಿ ಹಚ್ಚು. ಬರೀಲಿಕ್ಕೂ ಬಿಡು. ಮೊದಲು ಅದರೊಳಗ ಹೆಸರು ಬರಿ."

ಮೂರು ಮೂವತ್ತೆಂಟಕ್ಕೆ ದಾರಿ ತೆರೆಯಿತು. ಹೊರಗೆ ಓಣಿಯಲ್ಲಿ ಯಾರದೋ ಟ್ರ್ಯಾಕ್ಟರ್ ಬಾಳೆಕಂಬ ಕಟ್ಟಿಕೊಂಡು ಹೋಯಿತು. ಮೌನೇಶಪ್ಪ ಕಣ್ಣು ಮುಚ್ಚಿದ. ಬಹಳ ಹೊತ್ತಿನ ಮೇಲೆ ಬಿಟ್ಟ. ನೆಲದ ಮೇಲಿನ ಸಾಲನ್ನು ನೋಡಿ ಮುಖ ಸಿಂಡರಿಸಿದ.

"ಯಾರು ಮಾಡ್ಯಾರ ಇವನ್ನ? ಒಂದಕ್ಕೂ ಅಳತಿ ಇಲ್ಲ."

"ಯಾರೋ ನೀರು ಕೇಳ್ಕೊಂಡು ಬಂದಿದ್ರು, ಅವರು," ಎಂದಳು ಕಾಳವ್ವ. ಅಷ್ಟು ಹೊತ್ತು ಕಲ್ಲಾಗಿದ್ದವಳು ಈಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಿನಗೇನಾತು ಕಾಳೀ?"

"ಹೊಗಿ. ಅಡಗೀದು."

ಮೌನೇಶಪ್ಪ ಅವಳ ಕಾಲನ್ನು ನೋಡಿದ. ಹಬ್ಬದ ದಿನ ತಾಮ್ರ ಯಾಕೆ ಹಾಕಿಕೊಂಡೆ ಎಂದು ಗದರಿದ. ಆಮೇಲೆ ಏನನ್ನೋ ಹುಡುಕುವವನಂತೆ ಬಾಗಿಲ ಕಡೆ ತಿರುಗಿದ. "ಕಾಳೀ, ಒಂದು ಚೊಲೋ ಕನಸು ಬಿದ್ದಿತ್ತು. ಕನಸಲ್ಲ, ಖರೇನ ಅದು. ಅವ್ವ ಕರದ್ಲು. ಬಾವೀ ಕಡೆ ಇದ್ದೆ. ಓಣಿ ತುದೀಗೆ ನಿಂತು, ಬಿಸಲಿಗೆ ಕೈ ಅಡ್ಡ ಹಿಡದು, ನಮ್ಮವ್ವ ಕರದ್ಲು."

ಕಾಳವ್ವ ಇಂದುಮತಿಯನ್ನು ನೋಡಿದಳು. ಇಂದುಮತಿ ಹತ್ತಿರ ಬಂದು ಮೆಲ್ಲನೆ ಹೇಳಿದಳು: "ಅದು ತಿಪ್ಪವ್ವಾರ ಚೂರ್ರಿ. ಕಾಳಿನಾಗ ಉಳದೈತಿ. ಈಗ ಇವರ ಡಿಸ್ಕಿಗೂ ಹೋಗ್ತೈತಿ. ಒಂದು ತಾಸಿನೊಳಗ ತಗದು ಒಗಿಬಹುದು. ದಸ್ತಗೀರಗ ಹೇಳ್ಲೇನು?"

"ಇವರ ಅವ್ವ ಇವರನ್ನ ಹಡದ ದಿನಾನ ಹೋದ್ಲು," ಎಂದಳು ಕಾಳವ್ವ, ಅಷ್ಟೇ ಮೆಲ್ಲಗೆ. "ಒಂದು ಫೋಟೊ ಸೈತ ಇಲ್ಲ. ಇಷ್ಟು ವಯಸ್ಸಾದ್ರೂ ಯಾರರ ಅವ್ವನ ಸುದ್ದಿ ಹೇಳಿದ್ರ ಇವರು ಎದ್ದು ಹೊರಗ ಹೋಗ್ತಿದ್ರು."

ಇಂದುಮತಿಯ ಹೆಬ್ಬೆರಳು ಫೋನಿನ ಮೇಲೆ ಕಾಯುತ್ತಿತ್ತು.

ಕಾಳವ್ವ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. ನೆಲದ ಮೇಲಿನ ಉಂಗುರಗಳನ್ನು ಒಂದು ಬದಿಗೆ ಸರಿಸಿ, ಗಂಡನ ಮಗ್ಗುಲಿಗೆ, ಕಥೆ ಕೇಳಲು ಕೂತ ಹುಡುಗಿಯ ಹಾಗೆ ಕಾಲು ಮಡಚಿ ಕೂತಳು.

"ಹ್ಯಾಂಗಿದ್ರು ಅತ್ತಿ?" ಎಂದು ಕೇಳಿದಳು. "ಸಾವಕಾಶ ಹೇಳ್ರಿ. ಯಾವ ಬಣ್ಣದ ಸೀರಿ ಉಟ್ಟಿದ್ರು?"